ಇಂದಿನ ಧಮ್ಮ ಚಿಂತನೆ: ಮಗ ದೂರದಲ್ಲಿ, ಮತ ತಾಯಿಯ ಕೈಯಲ್ಲಿ

ನಮೋ ಬುದ್ಧಾಯ. ಜೈ ಭೀಮ್. 

2024ರ ಲೋಕಸಭಾ ಚುನಾವಣೆಯ ಮಾತು. ನಮ್ಮ ದಾವಣಗೆರೆ ಕ್ಷೇತ್ರಕ್ಕೆ ಮೇ 7ರಂದು ಮತದಾನವಿತ್ತು. ಉಬ್ರಾಣಿಯಿಂದ ಕುವೈತ್‌ಗೆ ದುಡಿಯಲು ಹೋದ ನಮ್ಮ ಬಳಗದ ತಮ್ಮನೊಬ್ಬ ಕೆಲಸ ಮುಗಿಸಿ ಬಂದು ರಾತ್ರಿಯೆಲ್ಲ ಫೋನಿನಲ್ಲಿ ಭಾಷಣ, ಚರ್ಚೆ ನೋಡುತ್ತಿದ್ದ. ಸಂವಿಧಾನಕ್ಕೆ ಏನಾಗುವುದೋ ಎಂಬ ಆತಂಕ ಅವನಿಗಿತ್ತು. ಅದು ಸುಳ್ಳು ಆತಂಕವಲ್ಲ. ಆದರೆ ದಿನ ಕಳೆದಂತೆ ಆತಂಕ ಸಿಟ್ಟಾಯಿತು. ಕೊನೆಗೆ ತಾಯಿಗೆ ಫೋನ್ ಮಾಡಿ, "ನಾ ಹೇಳಿದವರಿಗೆ ಓಟು ಹಾಕದಿದ್ರೆ ಈ ತಿಂಗಳು ದುಡ್ಡು ಕಳ್ಸಲ್ಲ" ಅಂದುಬಿಟ್ಟ.

ಅಡಿಕೆ ಸುಲಿದು ಅವನನ್ನು ಓದಿಸಿದ ತಾಯಿ ಅವರು. ಭಾನುವಾರ ಬುದ್ಧ ವಂದನೆ ಮುಗಿದ ಮೇಲೆ ಮೆಲ್ಲಗೆ ಕೇಳಿದರು: "ಅಣ್ಣಾ, ಓಟು ನಂದೋ, ದುಡ್ಡು ಕಳ್ಸೋ ಮಗಂದೋ?"

ಬಂಧುಗಳೇ, ಆ ಮತ ಅವರ ಕೈಗೆ ಸುಮ್ಮನೆ ಬಂದದ್ದಲ್ಲ. ಹಿಂದೆ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಗೆ ಮತ ಹಾಕಲು ಆಸ್ತಿ, ಕಂದಾಯದಂಥ ಅರ್ಹತೆ ಬೇಕಿತ್ತು. ಕೂಲಿ ಮಾಡುವ ನಮ್ಮ ಅಜ್ಜ ಅಜ್ಜಿಯರಿಗೆ ಅದೆಲ್ಲಿಂದ ಬರಬೇಕು? 1919ರ ಜನವರಿಯಲ್ಲಿ, ಇನ್ನೂ 27ರ ವಯಸ್ಸಿನ ಬಾಬಾಸಾಹೇಬರು ಸೌತ್‌ಬರೋ ಸಮಿತಿಯ ಮುಂದೆ ನಿಂತು ಅಸ್ಪೃಶ್ಯರಿಗೆ ಮತದ ಹಕ್ಕು ಕೇಳಿದರು. ಆ ಹೋರಾಟ ಸಂವಿಧಾನದ 326ನೇ ವಿಧಿಯವರೆಗೆ ಬಂತು. ಅಕ್ಷರ ಬಾರದ ತಾಯಿಗೂ ಕುವೈತ್‌ನ ಮಗನಿಗೂ ಒಂದೊಂದೇ ಮತ, ಎರಡಕ್ಕೂ ಒಂದೇ ಬೆಲೆ.

ಹಾಗಾದರೆ ದೂರವಿರುವ ಮಗನಿಗೆ ದಾರಿಯಿಲ್ಲವೇ? ಇದೆ, ಆದರೆ ಕಿರಿದು. ಬೇರೆ ದೇಶದ ಪೌರತ್ವ ಪಡೆಯದ ಭಾರತೀಯರು ನಮೂನೆ 6ಎ ತುಂಬಿ, ಪಾಸ್‌ಪೋರ್ಟಿನಲ್ಲಿರುವ ಊರಿನ ಮತದಾರರ ಪಟ್ಟಿಗೆ ಸೇರಬಹುದು. ಮತ ಹಾಕಲು ಮಾತ್ರ ಪಾಸ್‌ಪೋರ್ಟ್ ಹಿಡಿದು ಊರಿನ ಮತಗಟ್ಟೆಗೇ ಬರಬೇಕು. ಬದಲಿಯವರ ಮೂಲಕ ಮತ ಹಾಕಿಸುವ ಮಸೂದೆ 2018ರಲ್ಲಿ ಲೋಕಸಭೆ ದಾಟಿತ್ತು. ಕಾಯ್ದೆಯಾಗದೆ 2019ರಲ್ಲಿ ಬಿದ್ದುಹೋಯಿತು. ವಿಮಾನದ ಖರ್ಚು, ರಜೆ ಎರಡೂ ಇಲ್ಲದ ಕೂಲಿಯವನ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ತನ್ನ ಮತ ಹಾಕಲಾಗದ ಸಂಕಟಕ್ಕೆ ತಾಯಿಯ ಮತ ಕಿತ್ತುಕೊಳ್ಳುವುದು ಪರಿಹಾರವಲ್ಲ.

ಇಲ್ಲಿ ಧಮ್ಮ ಏನು ಹೇಳುತ್ತದೆ? 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ನೆನಪಿಸಿದರು: ಕೋರಂ, ಮತ ಎಣಿಕೆ, ಗುಪ್ತ ಮತದಾನ ಇವೆಲ್ಲ ಭಿಕ್ಖು ಸಂಘಕ್ಕೆ ಆಗಲೇ ತಿಳಿದಿತ್ತು. ವಿನಯ ಪಿಟಕ ತೆರೆದು ನೋಡಿದರೆ ಅದು ಕಾಣುತ್ತದೆ. ಬಣ್ಣ ಬಣ್ಣದ ಕಡ್ಡಿಗಳಿಂದ ಮತ ಪಡೆಯುತ್ತಿದ್ದರು. ಗುಪ್ತ ವಿಧಾನದಲ್ಲಿ, ತನಗೆ ಒಪ್ಪಿದ ಕಡ್ಡಿ ತೆಗೆದುಕೊಂಡವನು ಅದನ್ನು ಯಾರಿಗೂ ತೋರಿಸಬೇಕಿರಲಿಲ್ಲ.

ಕಾಯಿಲೆಯಿಂದ ಸಭೆಗೆ ಬರಲಾಗದ ಭಿಕ್ಖುವಿಗೂ ಒಂದು ದಾರಿಯಿತ್ತು. ಅವನು ಇನ್ನೊಬ್ಬರ ಮೂಲಕ ತನ್ನ 'ಛಂದ', ಅಂದರೆ ಒಪ್ಪಿಗೆ, ಕಳಿಸಬಹುದಿತ್ತು. ನಾನಿಲ್ಲದಿದ್ದರೂ ನೀವು ಕೂಡಿ ಮಾಡುವ ಕೆಲಸಕ್ಕೆ ನನ್ನ ಸಮ್ಮತಿಯಿದೆ ಎಂದು ಅದರ ಅರ್ಥ. ಬರಲಾಗದವನು ಕಳಿಸಿದ್ದು ಅಪ್ಪಣೆಯನ್ನಲ್ಲ, ನಂಬಿಕೆಯನ್ನು.

ಅದೇ 'ಛಂದ' ಎಂಬ ಮಾತಿಗೆ ಇನ್ನೊಂದು ಅರ್ಥವೂ ಇದೆ: ಪಕ್ಷಪಾತ. ಕಡ್ಡಿ ಹಂಚುವವನು ಛಂದ, ದ್ವೇಷ, ಮೋಹ, ಭಯ ಈ ನಾಲ್ಕು ಅಗತಿಗಳಿಗೆ ಬೀಳಬಾರದು ಎಂಬುದು ನಿಯಮ. ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಗೃಹಸ್ಥರಿಗೂ ಇದೇ ನಾಲ್ಕನ್ನು ಹೇಳಿದ್ದಾರೆ. ಊರಿಂದ ದೂರವಿದ್ದು ಚುನಾವಣೆ ನೋಡುವವನನ್ನು ಈ ನಾಲ್ಕೂ ಬೇಗ ಹಿಡಿಯುತ್ತವೆ. ಏಕೆಂದರೆ ಅವನ ಕಣ್ಣಿಗೆ ಊರು ಕಾಣುವುದಿಲ್ಲ, ಫೋನು ಮಾತ್ರ ಕಾಣುತ್ತದೆ. ಆ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದ್ದು, ಕೂಲಿ ಸಿಗದೆ ಕೂತದ್ದು ಗೊತ್ತಿದ್ದದ್ದು ತಾಯಿಗೆ.

ಆ ವಾರ ನಾವು ಆ ತಮ್ಮನಿಗೆ ಇಷ್ಟನ್ನೇ ಹೇಳಿ ಕಳಿಸಿದೆವು. ಎರಡು ದಿನ ಉತ್ತರವಿರಲಿಲ್ಲ. ಆಮೇಲೆ ತಾಯಿಗೆ ಫೋನ್ ಮಾಡಿದ: "ಅವ್ವಾ, ತಪ್ಪಾತು. ನಿನ್ನ ಮನಸ್ಸಿಗೆ ಬಂದವರಿಗೆ ಹಾಕು. ಹೋಗಿ ಹಾಕು, ಅಷ್ಟೇ ಸಾಕು." ಮೇ 7ರ ಮಧ್ಯಾಹ್ನ ಅವರು ಮಗಳ ಕೈಲಿ ಶಾಯಿ ಹಚ್ಚಿದ ಬೆರಳಿನ ಫೋಟೋ ತೆಗೆಸಿ ಅವನಿಗೆ ಕಳಿಸಿದರು. ಯಾರಿಗೆ ಹಾಕಿದಿರಿ ಎಂದು ಅವನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಇಂದಿನ ಅಭ್ಯಾಸ: ಹೊರಗಿರುವ ಬಂಧುಗಳು ಇಂದು ಮನೆಗೆ ಫೋನ್ ಮಾಡಿ, ತಂದೆ ತಾಯಿಯ ಹೆಸರು ಮತದಾರರ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿ. ಊರಿನ ಕಷ್ಟ ಏನೆಂದು ಕೇಳಿ, ಅವರು ಹೇಳಿ ಮುಗಿಸುವ ತನಕ ಸುಮ್ಮನಿರಿ. ನಿಮ್ಮ ಅಭಿಪ್ರಾಯವಿದ್ದರೆ ಕಾರಣ ಸಮೇತ ಹೇಳಿ, ಬೆದರಿಕೆ ಬೇಡ. ರಾಜಕೀಯದ ಮೆಸೇಜ್ ಮುಂದೆ ಕಳಿಸುವ ಮೊದಲು ಒಮ್ಮೆ ನಿಮ್ಮನ್ನೇ ಕೇಳಿಕೊಳ್ಳಿ: ಇದನ್ನು ಕಳಿಸುತ್ತಿರುವುದು ಪಕ್ಷಪಾತವೋ, ದ್ವೇಷವೋ, ಮೋಹವೋ, ಭಯವೋ?

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.
ನಮೋ ಬುದ್ಧಾಯ. ಜೈ ಭೀಮ್.