ಊರಿನ ಪೋರ್ಟಲ್‌ನಲ್ಲಿ ನಮ್ಮ ಹೆಸರು

ಪುರಸಭೆಯ ಕಡತಗಳು ಅಂತರಜಾಲಕ್ಕೆ ಏರಿದರೆ ನಾವು ಅದನ್ನು ಪ್ರಗತಿ ಎನ್ನುತ್ತೇವೆ. ಹಾಗೆನ್ನಲು ಕಾರಣವೂ ಇದೆ. 2000ರ ದಶಕದ ನಡುವೆ ಕರ್ನಾಟಕದಲ್ಲಿ ‘ನಿರ್ಮಲ ನಗರ’ ಯೋಜನೆ ಬಂದಾಗ ಮೊದಲ ಹಂತದಲ್ಲಿ 57 ನಗರ, ಪಟ್ಟಣಗಳು ಒಂದೇ ಬಗೆಯ ವ್ಯವಸ್ಥೆಯಡಿ ಸೇರಿದವು. ಆಸ್ತಿ ತೆರಿಗೆ, ಜನನ-ಮರಣ ನೋಂದಣಿ, ಸಾರ್ವಜನಿಕರ ದೂರು, ಲೆಕ್ಕಪತ್ರಗಳೆಲ್ಲ ಕಂಪ್ಯೂಟರಿಗೆ ಬಂದವು. ಸ್ವಂತವಾಗಿ ಏನನ್ನೂ ಕಟ್ಟಿಕೊಳ್ಳಲಾಗದ ಸಣ್ಣ ಪಟ್ಟಣಕ್ಕೂ ದೊಡ್ಡ ನಗರದಂಥದೇ ವಿಳಾಸ ಸಿಕ್ಕಿತು. ಒಂದು ಸರ್ಟಿಫಿಕೇಟಿಗಾಗಿ ‘ನಾಳೆ ಬನ್ನಿ’ ಎಂಬ ಮಾತನ್ನು ಹತ್ತು ಸಲ ಕೇಳಿದವರಿಗೆ ಅದರ ಬೆಲೆ ಗೊತ್ತು.

ಆದರೆ ಹಾಗೆ ಏರಿದ ದಾಖಲೆಯೇ ತಪ್ಪಾಗಿದ್ದರೆ?

ನಮಗೆ ಪರಿಚಯವಿರುವ ಕರಾವಳಿಯ ಒಂದು ಮನೆಯ ಕಥೆ ಇದು. ಅಜ್ಜಿಯನ್ನು ಊರೆಲ್ಲ ಕರೆಯುವುದು ಪಾತುಮ್ಮ ಎಂದು. ಮನೆ ತೆರಿಗೆಯ ಖಾತೆಯಲ್ಲೂ ಅದೇ ಇದೆ. ರೇಷನ್ ಕಾರ್ಡಿನಲ್ಲಿ ಫಾತಿಮಾ. ಮಗಳ ಜನನ ದಾಖಲೆಯಲ್ಲಿ ತಾಯಿಯ ಹೆಸರು ಪಾತಿಮ. ಮೂರೂ ಒಬ್ಬರೇ ಎಂದು ಹಳೆಯ ಗುಮಾಸ್ತರಿಗೆ ಗೊತ್ತಿತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಅದಕ್ಕೆ ಇವರು ಮೂವರು ಹೆಂಗಸರು. ಮಗಳ ಪಾಸ್‌ಪೋರ್ಟಿನ ಕೆಲಸ ಅಲ್ಲಿಗೇ ನಿಂತಿತು. ಮಗಳ ಗಂಡ ದಿನಗೂಲಿ ಬಿಟ್ಟು ನಾಲ್ಕು ಸಲ ಕಚೇರಿಗೆ ಹೋದರು. ಪ್ರತಿಸಲವೂ ಪರದೆಯನ್ನು ಅವರ ಕಡೆ ತಿರುಗಿಸಿ ಸಿಬ್ಬಂದಿ ಹೇಳಿದ್ದು ಒಂದೇ ಮಾತು: ‘ನೋಡಿ, ಇದರಲ್ಲಿ ಹೀಗೇ ಇದೆ.’

ಇದು ಮುಸ್ಲಿಮರ ಮನೆಯ ಸಮಸ್ಯೆ ಮಾತ್ರವೆಂದು ತಿಳಿಯಬೇಡಿ. ಡಿಸೋಜ, ಡಿಸೋಜಾ, ಡಿಸೌಜ ಆಗುವವರನ್ನು ಕೇಳಿ ನೋಡಿ. ಮನೆತನದ ಹೆಸರು ಒಮ್ಮೆ ಮುಂದೆ, ಒಮ್ಮೆ ಹಿಂದೆ ಬರುವ ಶೆಟ್ಟರನ್ನೂ ಕೇಳಿ. ನಮ್ಮ ನಾಲಗೆಗೆ ‘ಖ’ವೂ ‘ಕ’ವೂ ಎಷ್ಟೋ ಸಲ ಒಂದೇ. ಯಂತ್ರಕ್ಕೆ ಆ ಸಡಿಲಿಕೆ ಇಲ್ಲ.

ಹಾಗೆಂದು ಹಳೆಯ ಗುಮಾಸ್ತರ ಕಾಲವೇ ಚೆನ್ನಾಗಿತ್ತು ಎನ್ನಲು ನಾವು ಸಿದ್ಧರಿಲ್ಲ. ಪರಿಚಯದವರಿಗೆ ಅವರು ದಾರಿ ತೋರಿಸುತ್ತಿದ್ದರು, ನಿಜ. ಪರಿಚಯವಿಲ್ಲದವರಿಗೆ? ಜಾತಿ, ಮತ, ಬಟ್ಟೆ ನೋಡಿ ಮಾತಾಡುವವರೂ ಇದ್ದರು. ಯಂತ್ರ ಅದನ್ನು ನೋಡುವುದಿಲ್ಲ, ಅಷ್ಟರ ಮಟ್ಟಿಗೆ ಅದು ಮನುಷ್ಯರಿಗಿಂತ ಮೇಲು. ನಮ್ಮ ತಕರಾರು ಯಂತ್ರದ ಮೇಲಲ್ಲ. ತಪ್ಪು ಮಾಡಿದವರು ಒಬ್ಬರು, ಅದರ ದಂಡ ಕಟ್ಟುವವರು ಇನ್ನೊಬ್ಬರು ಎಂಬ ಏರ್ಪಾಡಿನ ಮೇಲೆ.

1969ರ ಜನನ-ಮರಣ ನೋಂದಣಿ ಕಾಯ್ದೆಯಲ್ಲಿ ತಿದ್ದುಪಡಿಗೆ ದಾರಿ ಇದೆ. ಅದರ 15ನೇ ಕಲಮಿನ ಪ್ರಕಾರ ನೋಂದಣಾಧಿಕಾರಿ ಮೂಲ ಬರಹವನ್ನು ಮುಟ್ಟದೆ ಅಂಚಿನಲ್ಲಿ ಸರಿಯಾದುದನ್ನು ಬರೆದು, ಸಹಿ ಮಾಡಿ, ದಿನಾಂಕ ಹಾಕಬೇಕು. ತಪ್ಪನ್ನು ಮುಚ್ಚಿಹಾಕದೆ, ತಿದ್ದಿದ್ದು ಯಾರೆಂದೂ ಹೇಳುವ ಈ ಕ್ರಮ ನಮಗೆ ಬಹಳ ಪ್ರಾಮಾಣಿಕವಾಗಿ ಕಾಣುತ್ತದೆ. ಆದರೆ ತಪ್ಪಿದೆ ಎಂದು ಸಾಬೀತುಪಡಿಸುವ ಹೊರೆ ಮನೆಯವರದೇ. ಅಫಿಡವಿಟ್ಟು, ಶಾಲೆಯ ದಾಖಲೆ, ಸಾಕ್ಷಿ ಎಲ್ಲ ಅವರೇ ಹೊಂದಿಸಬೇಕು. ಶಾಲೆಗೇ ಹೋಗದ ಅಜ್ಜಿ ಯಾವ ಶಾಲೆಯ ದಾಖಲೆ ತರಬೇಕು?

2023ರ ತಿದ್ದುಪಡಿಯ ಮೇಲೆ ಈ ಪ್ರಶ್ನೆ ಇನ್ನಷ್ಟು ಭಾರವಾಗಿದೆ. ಆ ವರ್ಷದ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ಪಾಸ್‌ಪೋರ್ಟು, ಸರಕಾರಿ ನೌಕರಿ ಎಲ್ಲದಕ್ಕೂ ಹುಟ್ಟಿದ ದಿನ, ಸ್ಥಳದ ಪುರಾವೆ ಜನನ ಪ್ರಮಾಣಪತ್ರವೇ. ಅಂಥ ಕಾಗದದಲ್ಲಿ ತಾಯಿಯ ಹೆಸರಿನ ಒಂದು ಅಕ್ಷರ ಜಾರಿದರೂ ಅದು ಮಗುವಿನ ಬೆನ್ನು ಬಿಡುವುದಿಲ್ಲ.

ಕಡತಗಳನ್ನು ಕಂಪ್ಯೂಟರಿಗೆ ಏರಿಸುವಾಗ ಆ ಮನೆಗೆ ಯಾರೂ ಬಂದು, ‘ನಿಮ್ಮ ಹೆಸರನ್ನು ಹೀಗೆ ಬರೆದಿದ್ದೇವೆ, ಸರಿಯೇ?’ ಎಂದು ಓದಿ ಹೇಳಲಿಲ್ಲ. ವಾರ್ಡಿನಲ್ಲಿ ಒಂದು ಸಂಜೆ ಕುಳಿತು ಓದಿದ್ದರೆ ಅಕ್ಷರ ಬಾರದವರೂ ಕೇಳಿ ತಿದ್ದಿಸುತ್ತಿದ್ದರು. ಈಗಲೂ ಕಾಲ ಮಿಂಚಿಲ್ಲ. ಬೆರಳಚ್ಚಿನಲ್ಲಿ ಆದ ತಪ್ಪನ್ನು ಕಚೇರಿಯೇ ತನ್ನ ಖರ್ಚಿನಲ್ಲಿ ತಿದ್ದಲಿ ಎಂದು ಕೇಳುವುದು ದಯೆಯ ಬೇಡಿಕೆಯಲ್ಲ.

ಮಗಳ ದಾಖಲೆ ಕೊನೆಗೂ ಸರಿಯಾಯಿತು. ಮನೆ ತೆರಿಗೆಯ ಖಾತೆಯಲ್ಲಿ ಮಾತ್ರ ಅಜ್ಜಿ ಇನ್ನೂ ಪಾತುಮ್ಮ. ಅದನ್ನೂ ಫಾತಿಮಾ ಎಂದು ತಿದ್ದಿಸಬೇಕೆಂದು ಅಳಿಯ ಹೇಳುತ್ತಾರೆ, ನಾಳೆ ಪಾಲಿನ ವೇಳೆ ತೊಂದರೆಯಾದೀತೆಂದು. ಅಜ್ಜಿ ಒಪ್ಪುತ್ತಿಲ್ಲ. ಅದು ತಪ್ಪಲ್ಲ, ತನ್ನ ಹೆಸರೇ ಅದು ಎನ್ನುತ್ತಾರೆ.