ಕಾಲದ ಮುಪ್ಪು, ಅಕಾಲದ ಮುಪ್ಪು

ಮುಪ್ಪು ರೋಗವೆ? ರೋಗವಾದರೆ ಅದಕ್ಕೆ ಮದ್ದು ಹುಡುಕುವುದು ಧರ್ಮ, ಅಲ್ಲವಾದರೆ ಲೋಭ. ಪ್ರಶ್ನೆಯು ಹಳೆಯದಾದರೂ ಈಚೆಗೆ ನಮ್ಮ ಬಾಗಿಲಿಗೇ ಬಂದು ನಿಂತಿರುವುದು. ಗಂಡಸಿನ ದೇಹದಲ್ಲಿ ಟೆಸ್ಟೋಸ್ಟಿರೋನ್ ಎಂಬ ಗ್ರಂಥಿರಸವು ಕಡಮೆಯಾದಾಗ ಅದನ್ನು ಸೂಜಿಯಿಂದಲೋ, ಚರ್ಮಕ್ಕೆ ಹಚ್ಚುವ ಲೇಪದಿಂದಲೋ ಹೊರಗಿನಿಂದ ತುಂಬಿಕೊಡುವ ಚಿಕಿತ್ಸೆಯ ಮಾತು ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿಯೂ ಕೇಳಬರುತ್ತಿದೆ. ವಿಷಯವು ಲಜ್ಜೆಯದೆಂದು ವಾಚಕರು ಮುಖ ತಿರುಗಿಸಬಾರದಾಗಿ ಬೇಡುತ್ತೇನೆ. ಆಯುರ್ವೇದದ ಎಂಟು ಅಂಗಗಳಲ್ಲಿ ರಸಾಯನವೂ ವಾಜೀಕರಣವೂ ಸೇರಿವೆ. ಚರಕಸಂಹಿತೆಯ ಚಿಕಿತ್ಸಾಸ್ಥಾನವು ಇವೆರಡರಿಂದಲೇ ಆರಂಭವಾಗುತ್ತದೆ. ಋಷಿಗಳು ನಾಚದೆ ವಿಚಾರಿಸಿದುದನ್ನು ನಾವು ವಿಚಾರಿಸಲು ಅಡ್ಡಿಯೇನು?

ಸುಶ್ರುತನು ವ್ಯಾಧಿಗಳನ್ನು ವಿಂಗಡಿಸುವಾಗ ಹಸಿವು, ಬಾಯಾರಿಕೆ, ನಿದ್ರೆ, ಮರಣಗಳ ಸಾಲಿನಲ್ಲಿಯೇ ಜರೆಯನ್ನೂ ಇಟ್ಟು, ಇವು ಸ್ವಾಭಾವಿಕವೆಂದನು. ಆದರೆ ಅಷ್ಟಕ್ಕೆ ನಿಲ್ಲಲಿಲ್ಲ. ಇವುಗಳಲ್ಲಿಯೂ ಎರಡು ಬಗೆಯುಂಟು: ದೇಹವನ್ನು ಕಾಪಾಡಿಕೊಂಡರೂ ಕಾಲ ಬಂದಾಗ ಬರುವುದು ಒಂದು, ಕಾಪಾಡಿಕೊಳ್ಳದೆ ಹೋದುದರಿಂದ ಅಕಾಲದಲ್ಲಿ ಬರುವುದು ಇನ್ನೊಂದು. ನಮ್ಮ ಪ್ರಶ್ನೆಗೆ ಬೇಕಾದ ಕೀಲಿಕೈ ಈ ಭೇದದಲ್ಲಿಯೇ ಇದೆಯೆಂದು ನನಗೆ ತೋರುತ್ತದೆ.

ಈಗಿನ ವಿಜ್ಞಾನವು ಹೇಳುವುದೂ ಇದಕ್ಕೆ ಬಲು ಸಮೀಪ. 1889ರಲ್ಲಿ ಬ್ರೌನ್-ಸೆಕಾರ್ ಎಂಬ ವೃದ್ಧ ಪಂಡಿತನು ಪ್ರಾಣಿಗಳ ವೃಷಣದ ರಸವನ್ನು ತನಗೇ ಚುಚ್ಚಿಕೊಂಡು, ಯೌವನ ಮರಳಿತೆಂದು ಪ್ಯಾರಿಸ್ಸಿನಲ್ಲಿ ಸಾರಿದನು. ಅದು ಭ್ರಮೆಯಾಗಿತ್ತು. 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಿಜ್ಞಾನಿಗಳು ನಿಜವಾದ ದ್ರವ್ಯವನ್ನು ಬೇರ್ಪಡಿಸಿದರು. ಅದೇ ವರ್ಷ ಬುಟೆನಾಂಟ್ ಮತ್ತು ರುಜಿಚ್ಕ ಎಂಬವರು ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. ಈ ರಸವು ಮೂವತ್ತು ನಲವತ್ತು ವಯಸ್ಸಿನಿಂದಾಚೆಗೆ ವರ್ಷಕ್ಕೆ ಸುಮಾರು ನೂರಕ್ಕೆ ಒಂದು ಪಾಲಿನಂತೆ ಇಳಿಯುತ್ತ ಹೋಗುತ್ತದೆ. ಇದು ಕಾಲದ ಮುಪ್ಪು. ಕೆಲವರಲ್ಲಿಯಾದರೋ ಹುಟ್ಟಿನ ದೋಷದಿಂದ, ಮಂಗನಬಾವು ವೃಷಣಕ್ಕಿಳಿದುದರಿಂದ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಗೆಡ್ಡೆಯಿಂದ, ಹರೆಯದಲ್ಲಿಯೇ ರಸವು ಬತ್ತುತ್ತದೆ. ಇದು ಅಕಾಲದ ಮುಪ್ಪು. ಅತಿಸ್ಥೌಲ್ಯ ಮತ್ತು ಮಧುಮೇಹಗಳಲ್ಲಿಯೂ ರಸವು ತಗ್ಗುವುದುಂಟು. ಅಲ್ಲಿ ಮೈಯಿಳಿಸುವುದೇ ಮೊದಲ ಮದ್ದು.

ಅಕಾಲದ ಮುಪ್ಪಿಗೆ ಚಿಕಿತ್ಸೆ ಧರ್ಮವೆಂಬುದರಲ್ಲಿ ಸಂದೇಹವಿಲ್ಲ. ಇಲ್ಲಿ ಅಡ್ಡ ಬರುವುದು ನಾಚಿಕೆ. ಮಳವಳ್ಳಿಯ ಕಡೆಯ ನನ್ನ ಹಳೆಯ ಶಿಷ್ಯನೊಬ್ಬನಿಗೆ ಮದುವೆಯಾಗಿ ಏಳು ವರ್ಷವಾದರೂ ಮಕ್ಕಳಾಗಲಿಲ್ಲ. ಬಂಜೆಯೆಂಬ ಮಾತು ಬಿದ್ದುದು ಹೆಂಡತಿಯ ಮೇಲೆ. ಹರಕೆ, ಉಪವಾಸ, ನಾಗಪ್ರತಿಷ್ಠೆ ಎಲ್ಲವೂ ಅವಳದೇ. ಗಂಡನ ರಕ್ತವನ್ನು ಪರೀಕ್ಷಿಸಬೇಕೆಂದು ಯಾರಿಗೂ ತೋಚಲಿಲ್ಲ. ಅವನಿಗೆ ತೋಚಿದ್ದರೂ ಬಾಯಿ ಬರಲಿಲ್ಲ. ಕೊನೆಗೆ ತಲೆನೋವೆಂದು ಮೈಸೂರಿಗೆ ಹೋದಾಗ ಪಿಟ್ಯುಟರಿಯ ಗೆಡ್ಡೆ ತಿಳಿದುಬಂದಿತು. ಆ ಏಳು ವರ್ಷ ಒಬ್ಬ ನಿರಪರಾಧಿಯು ಅನುಭವಿಸಿದ ನಿಂದೆಯನ್ನು ಯಾವ ಮದ್ದು ಹಿಂದಕ್ಕೆ ತರಬಲ್ಲುದು? ರೋಗವನ್ನು ಮುಚ್ಚಿಡುವುದು ಮಾನವಲ್ಲ. ಆ ಮಾನದ ಬೆಲೆಯನ್ನು ಇನ್ನೊಬ್ಬರಿಂದ ವಸೂಲು ಮಾಡಿದಂತೆ.

ಈ ಬೆಲೆಯ ಮಾತು ಬಂದಾಗ ಯಯಾತಿಯನ್ನು ನೆನೆಯದಿರಲಾಗದು. ಅವನ ಕಥೆಯನ್ನು ನಾವು ಸಾಮಾನ್ಯವಾಗಿ ಕಾಮದ ನಿಂದೆಗಾಗಿ ಹೇಳುತ್ತೇವೆ. ಆದರೆ ಗಮನಿಸಿರಿ: ಅವನಿಗೆ ಬಂದುದು ಶುಕ್ರನ ಶಾಪದಿಂದಾದ ಅಕಾಲದ ಮುಪ್ಪು. ಅದು ನೀಗಲೆಂದು ಬಯಸಿದುದರಲ್ಲಿ ತಪ್ಪಿಲ್ಲ. ಚ್ಯವನ ಮಹರ್ಷಿಯೂ ಅಶ್ವಿನೀದೇವತೆಗಳಿಂದ ಯೌವನವನ್ನು ಪಡೆದನು. ಅವನನ್ನು ಯಾರೂ ನಿಂದಿಸಲಿಲ್ಲ, ಅವನ ಹೆಸರಿನ ಪ್ರಾಶವನ್ನು ಇಂದಿಗೂ ಮನೆಮನೆಯಲ್ಲಿ ತಿನ್ನುತ್ತೇವೆ. ಭೇದವೆಲ್ಲಿ? ಚ್ಯವನನ ಯೌವನಕ್ಕಾಗಿ ಮತ್ತೊಬ್ಬರು ಮುದುಕರಾಗಲಿಲ್ಲ. ಯಯಾತಿಯ ಯೌವನಕ್ಕೆ ಪೂರುವು ಬೆಲೆ ತೆತ್ತನು. ಆದುದರಿಂದ ಯೌವನವನ್ನು ಕೋರುವವನಿಗೆ ಕೇಳಬೇಕಾದ ಪ್ರಶ್ನೆ, "ನಿನಗೆ ಆಸೆಯೇಕೆ?" ಎಂಬುದಲ್ಲ, "ಇದರ ಬೆಲೆಯನ್ನು ಯಾರು ತೆರುವರು?" ಎಂಬುದು.

ಇಂದಿನ ಮದ್ದು ಸಸ್ಯಮೂಲದ ದ್ರವ್ಯಗಳಿಂದ ತಯಾರಾಗುತ್ತದೆ. ಯಾವ ಮಗನ ಪ್ರಾಯವನ್ನೂ ಕೇಳುವುದಿಲ್ಲ. ಹಾಗಾದರೆ ಪೂರುವಿನ ಮಾತು ಮುಗಿಯಿತೆ? ಮುಗಿಯಲಿಲ್ಲ. ಕೆರೆಗೆ ನಾಲೆಯ ನೀರು ತಾನಾಗಿ ಬಂದು ಗದ್ದೆಯು ತುಂಬಿದರೆ ನೀರುಗಂಟಿಯು ತೂಬನ್ನು ಮುಚ್ಚುವನಷ್ಟೆ. ಹೊರಗಿನಿಂದ ಈ ರಸವು ಬಂದರೆ ಪಿಟ್ಯುಟರಿಯೂ ಹಾಗೆಯೇ ತನ್ನ ಆಜ್ಞೆಯನ್ನು ನಿಲ್ಲಿಸುತ್ತದೆ. ವೃಷಣವು ಕುಗ್ಗುತ್ತದೆ, ವೀರ್ಯಾಣುಗಳ ಹುಟ್ಟು ನಿಲ್ಲಬಹುದು. ಅದಕ್ಕಾಗಿಯೇ ಮಕ್ಕಳನ್ನು ಬಯಸುವವನಿಗೆ ವೈದ್ಯರು ಈ ಮದ್ದನ್ನು ಕೊಡದೆ ಬೇರೆ ದಾರಿ ಹಿಡಿಯುವರು. ನನ್ನ ಶಿಷ್ಯನಿಗೂ ಹಾಗೆಯೇ ಮಾಡಿದರು. ಕುಸ್ತಿಯ ಮೈಯನ್ನು ಬೇಗನೆ ಗಳಿಸಬೇಕೆಂದು ವ್ಯಾಯಾಮಶಾಲೆಯ ಗೆಳೆಯನ ಮಾತಿನಂತೆ ಸೂಜಿ ಚುಚ್ಚಿಕೊಳ್ಳುವ ಹುಡುಗನು ಇದನ್ನು ಅರಿಯನು. ಅವನು ತನ್ನ ಇನ್ನೂ ಹುಟ್ಟದ ಪೂರುವಿನಿಂದಲೇ ಬೆಲೆಯನ್ನು ಕೀಳುತ್ತಿದ್ದಾನೆ. ಆ ಪೂರುವಿಗೆ ಒಲ್ಲೆನೆನ್ನಲು ಬಾಯಿಯೂ ಇಲ್ಲ.

ಇನ್ನು ಅರುವತ್ತು ದಾಟಿದ ನನ್ನಂಥವನು, "ನನಗೆ ಮಕ್ಕಳು ಬೇಡ, ಹಣ ನನ್ನದು, ಯಾರಿಗೂ ಕೇಡಿಲ್ಲ, ಸ್ವಲ್ಪ ಹುರುಪು ಬಂದರೆ ನಿಮಗೇನು?" ಎಂದರೆ? ಆಕ್ಷೇಪಣೆಯು ಹಗುರವಾದುದಲ್ಲ. ಕನ್ನಡಕವೂ ಕಟ್ಟಿಸಿದ ಹಲ್ಲೂ ಕಾಲದ ಮುಪ್ಪಿಗೇ ಅಲ್ಲವೆ? ಅವುಗಳನ್ನು ನಾನೂ ಧರಿಸಿದ್ದೇನೆ. ಆದರೆ ಕನ್ನಡಕವು ರಕ್ತವನ್ನು ದಪ್ಪಗೊಳಿಸುವುದಿಲ್ಲ. ಈ ಮದ್ದು ಗೊಳಿಸಬಹುದು. 2023ರಲ್ಲಿ ಪ್ರಕಟವಾದ ಅಮೆರಿಕೆಯ ಪರೀಕ್ಷೆಯೊಂದರಲ್ಲಿ, ರಸವು ತಗ್ಗಿ ಲಕ್ಷಣಗಳೂ ಇದ್ದ 5,200ಕ್ಕೂ ಮಿಕ್ಕ ಗಂಡಸರನ್ನು ನೋಡಲಾಗಿ, ಹೃದಯಾಘಾತವು ಹೆಚ್ಚಲಿಲ್ಲವೆಂದೂ, ಹೃದಯದ ಲಯ ತಪ್ಪುವುದು, ಶ್ವಾಸಕೋಶದ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು ಇವು ಹೆಚ್ಚಿದುವೆಂದೂ ಕಂಡಿತು. ಬರಿಯ ವಯಸ್ಸಿನಿಂದಾದ ಇಳಿತಕ್ಕೆ ಈ ಮದ್ದಿನ ಗುಣವಾಗಲಿ ನಿರಪಾಯತೆಯಾಗಲಿ ಸಿದ್ಧವಾಗಿಲ್ಲವೆಂದು ಅಲ್ಲಿಯ ಔಷಧಾಧಿಕಾರಿಗಳು 2015ರಲ್ಲಿಯೇ ಎಚ್ಚರಿಸಿದ್ದರು. ಆದಕಾರಣ ನನ್ನ ಮತವಿಷ್ಟು: ಲಕ್ಷಣಗಳಿದ್ದು, ಬೇರೆ ಬೇರೆ ದಿನಗಳ ಬೆಳಗ್ಗೆ ಎರಡು ಸಲ ರಕ್ತವನ್ನು ಪರೀಕ್ಷಿಸಿ ಕೊರತೆಯು ಸ್ಥಿರಪಟ್ಟರೆ, ವಯಸ್ಸೆಷ್ಟೇ ಆಗಲಿ, ವೈದ್ಯನ ಕಣ್ಗಾವಲಿನಲ್ಲಿ ಮದ್ದು ತೆಗೆದುಕೊಳ್ಳಬಹುದು. ಬರಿಯ ಆಸೆಗಾಗಿಯೋ ಜಾಹೀರಾತಿನ ಮಾತಿಗಾಗಿಯೋ ಕೂಡದು. ಗುಪ್ತರೋಗವೆಂದು ಗೋಡೆಗಳ ಮೇಲೆ ಬರೆಯಿಸಿ ಕಾಮಶಕ್ತಿಯನ್ನು ಮಾರುವವರ ಜಾಹೀರಾತುಗಳನ್ನು ನಮ್ಮ ದೇಶದ ಕಾನೂನು 1954ರಲ್ಲಿಯೇ ನಿಷೇಧಿಸಿದೆ. ಗೋಡೆಗಳು ಮಾತ್ರ ಅದನ್ನು ಓದಿದಂತಿಲ್ಲ.

ಕೊನೆಯದಾಗಿ ಒಂದು ಶಬ್ದದ ಮಾತು. ಪೌರುಷವೆಂದರೆ ಈಗ ಜನರು ಗಂಡಸಿನ ಕಾಮಬಲವೆಂದೇ ತಿಳಿಯುವರು. ಶಾಸ್ತ್ರದಲ್ಲಿ ದೈವಕ್ಕೆ ಎದುರಾಗಿ ನಿಲ್ಲುವ ಮನುಷ್ಯಪ್ರಯತ್ನಕ್ಕೆ ಪೌರುಷವೆಂದು ಹೆಸರು; ಆ ಅರ್ಥದಲ್ಲಿ ಅದು ಹೆಂಗಸಿಗೂ ಉಂಟು, ಮುದುಕನಿಗೂ ಉಂಟು. ರಕ್ತದಲ್ಲಿ ರಸವು ತಗ್ಗಿದವನು ಪೌರುಷಹೀನನಲ್ಲ. ದೋಷವು ತನ್ನಲ್ಲಿದ್ದೀತೆಂದು ಹೆಂಡತಿಯ ಮುಂದೆ ಒಪ್ಪಿಕೊಂಡು, ಅವಳ ಮೇಲಿನ ಅಪವಾದವನ್ನು ನೀಗಿಸಿ, ವೈದ್ಯನ ಬಾಗಿಲಿಗೆ ಹೋಗುವುದಕ್ಕೆ ಬೇಕಾದುದೇ ಪೌರುಷ. ಅದು ಸೂಜಿಯಲ್ಲಿ ದೊರೆಯುವುದಿಲ್ಲ.