ಕಾವಿ ಮತ್ತು ಕುರ್ಚಿ



ಚುನಾವಣೆ ಹತ್ತಿರ ಬಂತೆಂದರೆ ಮಲ್ದಕಲ್ ಭಾಗದ ಭಕ್ತರು ಮಠಕ್ಕೆ ಬಂದು ಕೇಳುವುದು ಒಂದೇ ಮಾತು: "ನಮ್ಮ ಅಪ್ಪಾರ ಯಾಕ ನಿಲ್ಲಬಾರದ್ರೀ? ಅವರ ಎದುರು ನಿಲ್ಲೋರು ಯಾರದಾರ?" ಮೊದಲನೆಯದು ಪ್ರಶ್ನೆ. ನಮಗೆ ಅಂಜಿಕೆಯಾಗುವುದು ಎರಡನೆಯ ಮಾತಿನಿಂದ.

ಕಾವಿಧಾರಿಗಳು ಅಧಿಕಾರಸ್ಥಾನದಲ್ಲಿ ಕುಳಿತದ್ದು ನಮ್ಮ ಸೀಮೆಗೆ ಹೊಸತಲ್ಲ. ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು 1903ರಲ್ಲಿ, ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. 1930ರಲ್ಲಿ ಸನ್ಯಾಸ ಸ್ವೀಕರಿಸಿದರು. ಮನೆ ಬಿಟ್ಟವರು ಜನರನ್ನು ಬಿಡಲಿಲ್ಲ. ನಿಜಾಮರ ಆಡಳಿತದ ವಿರುದ್ಧ 1938ರಲ್ಲಿ ಸತ್ಯಾಗ್ರಹ ಹೂಡಿ ಸೆರೆಮನೆ ಕಂಡರು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ 1947ರಲ್ಲಿ ಮತ್ತೆ ಸೆರೆಯಾದರು. 1952ರಲ್ಲಿ ಗುಲ್ಬರ್ಗದಿಂದ, 1957ರಲ್ಲಿ ಔರಂಗಾಬಾದಿನಿಂದ ಲೋಕಸಭೆಗೆ ಆರಿಸಿಹೋದರು. 1952ರಲ್ಲಿ ರಾಜ್ಯದ ಮುಖ್ಯಮಂತ್ರಿಯಾದವರು ಬೂರ್ಗುಲ ರಾಮಕೃಷ್ಣರಾಯರು; ಹೋರಾಟ ನಡೆಸಿದ ಸನ್ಯಾಸಿ ಆ ಕುರ್ಚಿಯಲ್ಲಿ ಕೂರಲಿಲ್ಲ.

ಹೈದರಾಬಾದ್ ರಾಜ್ಯವನ್ನು ಭಾಷಾವಾರು ಹಂಚಬೇಕೆಂಬುದು ಅವರ ನಿಲುವಾಗಿತ್ತು. 1956ರ ನವೆಂಬರ್ 1ರಂದು ಹಂಚಿಕೆಯಾಯಿತು. ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರ ತಾಲ್ಲೂಕುಗಳು ಮಹಬೂಬನಗರಕ್ಕೆ ಸೇರಿದವು. ಗಡಿ ಎಳೆದವರು ಅವರಲ್ಲ. ಆದರೂ ಆ ನಿಲುವು ಸರಿಯೇ ತಪ್ಪೇ ಎಂದು ನಾವು ಇಂದಿಗೂ ವಾದಿಸುತ್ತೇವೆ, ವಾದಿಸುವ ಹಕ್ಕೂ ನಮಗಿದೆ. ಏಕೆಂದರೆ ಅವರು ಮತ ಕೇಳಿ ಗೆದ್ದವರು, ಪಾದಪೂಜೆಯಿಂದ ಗೆದ್ದವರಲ್ಲ. ಪಾದಕ್ಕೆ ಹಣೆ ಹಚ್ಚಿದವನು ಮರುದಿನ ಎದ್ದು ನಿಂತು "ನಮ್ಮೂರ ಕಾಲುವೆ ಏನಾಯಿತು?" ಎಂದು ಕೇಳಬಲ್ಲನೇ?

ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿರಲಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಆಗಿದ್ದರು. ಪಾಲ್ಕುರಿಕೆ ಸೋಮನಾಥರ ತೆಲುಗು ಬಸವಪುರಾಣದಲ್ಲಿ, ಅದನ್ನು ಅನುಸರಿಸಿದ ಭೀಮಕವಿಯ ಕನ್ನಡ ಪುರಾಣದಲ್ಲಿಯೂ ಬರುವ ಪ್ರಸಂಗ ನಮ್ಮ ಭಕ್ತರಿಗೆ ಗೊತ್ತು. ಭಂಡಾರದ ಹಣ ಜಂಗಮರ ಪಾಲಾಗುತ್ತಿದೆ ಎಂದು ಕೊಂಡಿಯರು ದೂರಿದರು. ಬಸವಣ್ಣನವರು "ನನ್ನ ಮೇಲೆಯೇ ಸಂಶಯವೇ?" ಎಂದು ಮುನಿಯಲಿಲ್ಲ, ಭಂಡಾರ ತೆರೆದು ಹಣ ಎಣಿಸಲು ಕೊಟ್ಟರು. ಹೊನ್ನು ಹೆಚ್ಚಿತೆಂಬುದನ್ನು ಪವಾಡವೆಂದು ಹೇಳುತ್ತಾರೆ. ಬಿ.ಕಾಂ. ಓದಿದ ನಮಗೆ, ಕೇಳಿದ ಕೂಡಲೆ ಬೀಗ ತೆಗೆದದ್ದೇ ದೊಡ್ಡದಾಗಿ ಕಾಣುತ್ತದೆ.

ಕಳೆದ ಬಸವ ಜಯಂತಿಯಂದು ದಾಸೋಹದ ಜಮಾ-ಖರ್ಚು ಓದುತ್ತಿದ್ದೆವು. ರೈತರೊಬ್ಬರು ಎದ್ದು, ತಾವು ಕೊಟ್ಟ ಎರಡು ಚೀಲ ಜೋಳ ಪಟ್ಟಿಯಲ್ಲಿ ಯಾಕಿಲ್ಲ ಎಂದರು. ಸುತ್ತಲಿದ್ದವರು "ಮಠದಾಗ ಲೆಕ್ಕ ಕೇಳ್ತಾರೇನು, ಸುಮ್ಕ ಕುಂದ್ರು" ಎಂದು ಅವರ ಕೈ ಹಿಡಿದು ಜಗ್ಗಿದರು. ಅವರು ಕುಳಿತುಬಿಟ್ಟರು. ಎರಡು ಚೀಲ ಜೋಳಕ್ಕೇ ಹೀಗಾದರೆ, ಅಪ್ಪನವರು ಶಾಸಕರಾದ ಮೇಲೆ ಸರಕಾರದ ದುಡ್ಡಿನ ಲೆಕ್ಕ ಕೇಳುವವರು ಯಾರು?

ತಪ್ಪು ನಮ್ಮದೇ ಆಗಿತ್ತು. ಚೀಟಿ ಹರಿದುಕೊಟ್ಟು ಖಾತೆಗೆ ಏರಿಸುವುದನ್ನು ಮರೆತಿದ್ದೆವು. ಆ ಎರಡು ಚೀಲವನ್ನು ಈ ಸಂಚಿಕೆಯ ದಾಸೋಹ ಪಟ್ಟಿಯಲ್ಲಿ ಮೊದಲ ಸಾಲಿಗೇ ಹಾಕಿದ್ದೇವೆ.